ದೇವರು ಕಣ್ಣು ಕುತ್ತಿದ್ದು

ನಮ್ಮ ಮನೆಯಲ್ಲಿ ಕೋಪ ಮಾಡಿಕೊಳ್ಳುವ ಕೆಲಸವನ್ನು ನಾವು ದೇವರಿಗೆ ವಹಿಸಿಕೊಟ್ಟಿದ್ದೇವೆ. ಹೀಗೆ ಹೇಳಿಕೊಳ್ಳಲು ನನಗೆ ನಾಚಿಕೆಯೇನೂ ಇಲ್ಲ. ನನಗೆ ಕೋಪ ಬರುವುದಿಲ್ಲ ಎಂದಲ್ಲ, ಬರುತ್ತದೆ. ಬಂದದ್ದು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ. ಗುಬ್ಬಿಯ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಹುಬ್ಬು ಗಂಟಿಕ್ಕಿಕೊಂಡು "ಯಾರೋ ಅದು ಮಾತಾಡ್ತಿರೋದು?" ಎಂದು ಗುಡುಗಿದರೆ ಹಿಂದಿನ ಬೆಂಚಿನಿಂದ "ಹುಷಾರಿಲ್ವಾ ಸಾರ್?" ಎಂದು ಕಳಕಳಿಯ ದನಿ ಬರುತ್ತದೆ. ಒಮ್ಮೆ ತುಮಕೂರಿನ ನಮ್ಮ ಬಟವಾಡಿಯಲ್ಲಿ ಬಸ್ಸು ಹತ್ತಿದಾಗ ಟವೆಲ್ ಹಾಕಿ ಸೀಟು ಹಿಡಿದುಕೊಂಡಿದ್ದವನ ಮೇಲೆ ಮನಸಾರೆ ರೇಗಿದೆ. ಅವನು ಒಂದು ಗಳಿಗೆ ನನ್ನನ್ನೇ ನೋಡಿ, ಟವೆಲ್ ತೆಗೆದು, "ಕೂತ್ಕಳಿ ಸಾರ್, ಪಾಪ, ಸುಸ್ತಾಗಿದೀರ" ಎಂದ. ಸೀಟೇನೋ ಸಿಕ್ಕಿತು, ಆದರೆ ಗುಬ್ಬಿ ಬರುವ ತನಕ ಅವಮಾನವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ನನ್ನ ಹೆಂಡತಿ ಸುಧಾಳನ್ನು ಕೇಳಿದರೆ, "ಕೋಪ ಬಂದ್ರೆ ನಿಮ್ಮ ಮೂಗೊಂದೇ ಕೆಂಪಾಗೋದು ರೀ. ನೋಡಿದೋರು ನೆಗಡಿ ಅನ್ಕೋತಾರೆ" ಎನ್ನುತ್ತಾಳೆ. ಇಂಥ ಮನುಷ್ಯ ಮಗಳನ್ನು ಶಿಸ್ತಿನಲ್ಲಿ ಬೆಳೆಸಬೇಕೆಂದರೆ ತನಗಿಂತ ದೊಡ್ಡವರೊಬ್ಬರ ಕೋಪವನ್ನು ಕಡ ತರದೆ ಬೇರೆ ದಾರಿ ಏನಿದೆ ಹೇಳಿ.

ಈ ವಿದ್ಯೆ ನನಗೆ ಬಂದದ್ದು ಅವ್ವನಿಂದ. ಅವ್ವ ಕುಣಿಗಲ್ ತಾಲ್ಲೂಕಿನವಳು, ಹುತ್ರಿದುರ್ಗದ ಬೆಟ್ಟದ ಬುಡದಲ್ಲಿ ಅವಳ ಮನೆ, ಹೊಲ, ಈಗಲೂ ನನ್ನ ಅಣ್ಣನ ಜೊತೆ ಅಲ್ಲೇ ಇದ್ದಾಳೆ. ನಮ್ಮನ್ನು ಬೆಳೆಸುವಾಗ ಅವಳು ಒಂದು ದಿನವೂ ಕೈಯೆತ್ತಲಿಲ್ಲ. ಎತ್ತುವ ಪ್ರಮೇಯವೇ ಬರಲಿಲ್ಲ, ಏಕೆಂದರೆ ಒಂದೊಂದು ತಪ್ಪನ್ನೂ ಒಬ್ಬೊಬ್ಬ ದೇವರ ಸುಪರ್ದಿಗೆ ಕೊಟ್ಟುಬಿಟ್ಟಿದ್ದಳು. ಪುಸ್ತಕಕ್ಕೆ ಕಾಲು ತಗುಲಿದರೆ ಸರಸ್ವತಿ ಕೊಟ್ಟ ವಿದ್ಯೆಯನ್ನೆಲ್ಲ ಕಿತ್ತುಕೊಂಡು ಹೋಗುತ್ತಿದ್ದಳು. ಮುಸ್ಸಂಜೆಯಲ್ಲಿ ಕಸ ಗುಡಿಸಿದರೆ ಲಕ್ಷ್ಮಿ ಗಂಟುಮೂಟೆ ಕಟ್ಟುತ್ತಿದ್ದಳು. ಅನ್ನ ಚೆಲ್ಲಿದರೆ ಅನ್ನಪೂರ್ಣೆ ಮುಖ ತಿರುಗಿಸುತ್ತಿದ್ದಳು. ಈ ಯಾವ ಇಲಾಖೆಗೂ ಸೇರದ ಚಿಲ್ಲರೆ ತಪ್ಪುಗಳಿಗೆಲ್ಲ ಒಂದೇ ಶಿಕ್ಷೆ: "ಸಾಮಿ ಕಣ್ ಕುತ್ತುತ್ತೆ!" ಯಾವ ಕಣ್ಣು, ಯಾವ ಬೆರಳಲ್ಲಿ ಎಂದೆಲ್ಲ ಅವ್ವ ವಿವರಿಸುತ್ತಿರಲಿಲ್ಲ. ವಿವರಿಸದೆ ಇದ್ದದ್ದರಿಂದಲೇ ನಮಗೆ ಹೆದರಿಕೆ. ಆಮೇಲೆ ನಾನು ಬೆಳೆದೆ, ತುಮಕೂರಿಗೆ ಬಂದು ಓದಿದೆ, ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವ ಕೆಲಸಕ್ಕೆ ಸಂಬಳ ಎಣಿಸತೊಡಗಿದೆ. ಆ ಚಿತ್ರದಲ್ಲಿ ದೇವರು ಬೆರಳು ಇಡುವ ಜಾಗವನ್ನು ನಾನು ಯಾವತ್ತೂ ಗುರುತಿಸಿದವನಲ್ಲ. ಆದರೂ ಮಗಳು ಹುಟ್ಟಿ, ಅವಳಿಗೆ ಕೈಕಾಲು ಬಂದು, ಮೊದಲ ಸಲ ಗೋಡೆ ತುಂಬ ಕ್ರೇಯಾನ್ ಎಳೆದ ದಿನ ನನ್ನ ಬಾಯಿಂದ ಬಂದದ್ದು ಅವ್ವನ ಮಾತೇ, ಅದೇ ರಾಗದಲ್ಲಿ.

ಮಗಳ ಹೆಸರು ಇಂಚರ, ಎರಡನೇ ಕ್ಲಾಸು. ಹೆಸರಿಗೆ ತಕ್ಕ ಹಾಗೆ ಸದಾ ಚಿಲಿಪಿಲಿ ಎನ್ನುವ ಮಗು ಎಂದುಕೊಂಡರೆ ತಪ್ಪು. ಅವಳು ಮಾತಾಡುವುದು ಕಡಿಮೆ, ಯೋಚನೆ ಮಾಡುವುದು ಜಾಸ್ತಿ. ಅಂಥ ಮಕ್ಕಳ ಬಗ್ಗೆ ಅಪ್ಪಂದಿರು ಹುಷಾರಾಗಿರಬೇಕು. ಅದು ಶ್ರಾವಣದ ಒಂದು ಶನಿವಾರ. ನಮ್ಮ ಮನೆದೇವರು ನರಸಿಂಹಸ್ವಾಮಿ, ಶ್ರಾವಣ ಶನಿವಾರ ತಂಬಿಟ್ಟಿನ ಆರತಿ ಆಗಲೇಬೇಕು. ಅಕ್ಕಿಹಿಟ್ಟು ಬೆಲ್ಲ ಏಲಕ್ಕಿ ಕಲಸಿ ಪುಟ್ಟ ಗೋಪುರದ ಹಾಗೆ ಕಟ್ಟಿ, ನೆತ್ತಿಯಲ್ಲಿ ಗುಣಿ ಮಾಡಿ, ಅದರಲ್ಲಿ ತುಪ್ಪದ ಬತ್ತಿ ಇಟ್ಟು ಬೆಳಗುವುದು. ಬೆಳಗಿದ ಮೇಲೆ ಅದೇ ಪ್ರಸಾದ. ಅಲ್ಲಿಯ ತನಕ ಮೂಸಿಯೂ ನೋಡಬಾರದು. ಸುಧಾ ಆರತಿ ಕಟ್ಟಿ ದೇವರ ಗೂಡಿನ ಮುಂದೆ ತಟ್ಟೆಯಲ್ಲಿಟ್ಟು, ನನಗೆ ನೋಡಿಕೊಳ್ಳಿ ಎಂದು ಹೇಳಿ, ಹೂವು ತರಲು ಕೆಳಗಿಳಿದಳು. ನಾನು ನೋಡಿಕೊಂಡೆ, ಆದರೆ ಫೋನನ್ನು. ಅವಳು ಬಂದ ಮೇಲೆ ಬತ್ತಿ ಹಚ್ಚೋಣವೆಂದು ತಟ್ಟೆ ಎತ್ತಿದರೆ, ಮುಂದಿನಿಂದ ಗೋಪುರ ಗೋಪುರದ ಹಾಗೇ ಇದೆ, ಹಿಂದುಗಡೆ ಏನೂ ಇಲ್ಲ! ಗುಣಿಯ ತನಕ ಬೆರಳಲ್ಲಿ ಕೆರೆದು ತಿಂದು, ಚೆನ್ನಾಗಿರುವ ಮಗ್ಗುಲನ್ನು ನೀಟಾಗಿ ದೇವರ ಕಡೆಗೆ ತಿರುಗಿಸಿ ಇಡಲಾಗಿತ್ತು.

ನಿಜ ಹೇಳಬೇಕೆಂದರೆ ನನಗೆ ನಗು ಬಂದಿತ್ತು. ಆದರೆ ಹಿಂದಿನ ದಿನವಷ್ಟೇ ಸುಧಾ "ನೀವು ಮಗೂಗೆ ಒಂದು ದಿನಾನಾದ್ರೂ ಗದರಿದೀರಾ?" ಎಂದು ಕೇಳಿದ್ದಳು. ಅದಕ್ಕೇ ತಟ್ಟೆಯನ್ನು ಗೂಡಿನಲ್ಲಿದ್ದ ಸ್ವಾಮಿಯ ಫೋಟೋದ ಮುಖಕ್ಕೆ ಹಿಡಿದು, ಹಿಂಭಾಗವನ್ನು ತಿರುಗಿಸಿ ತೋರಿಸುತ್ತ, ನಾಟಕದವರ ಗಂಟಲಲ್ಲಿ ಕೂಗಿದೆ: "ನೋಡಪ್ಪಾ ಸ್ವಾಮಿ! ನಿನಗಿಂತ ಮುಂಚೆ ನಿನ್ನ ತಂಬಿಟ್ಟನ್ನ ಇವಳು ತಿಂದವಳೆ!" ಆಮೇಲೆ ಮಗಳ ಕಡೆ ತಿರುಗಿ, "ಸ್ವಾಮಿ ಸುಮ್ನೆ ಬಿಡುತ್ತಾ? ಕಣ್ಣು ಕುತ್ತುತ್ತೆ, ನೋಡ್ತಿರು" ಎಂದೆ. ನಮ್ಮ ಫೋಟೋದಲ್ಲಿ ನರಸಿಂಹಸ್ವಾಮಿಯ ಕಣ್ಣು ಮೊದಲೇ ದೊಡ್ಡವು. ಇಂಚರ ಫೋಟೋ ನೋಡಿದಳು, ನನ್ನನ್ನು ನೋಡಿದಳು, ಬೆರಳಲ್ಲಿ ಉಳಿದಿದ್ದ ಬೆಲ್ಲವನ್ನು ನೆಕ್ಕಿಕೊಂಡು ಒಳಗೆ ಹೋದಳು. ಸುಧಾ ಬೇರೆ ತಂಬಿಟ್ಟು ಕಟ್ಟಿದಳು, ಪೂಜೆ ಮುಗಿಯಿತು. ಅವತ್ತು ಅಪ್ಪನ ಕರ್ತವ್ಯ ಚೆನ್ನಾಗಿ ಮಾಡಿದೆನೆಂದು ನಾನು ಊಟಕ್ಕೆ ಎರಡು ತುತ್ತು ಹೆಚ್ಚೇ ತಿಂದೆ.

ಸೋಮವಾರ ಬೆಳಿಗ್ಗೆ ನಾನು ಕನ್ನಡಿ ಮುಂದೆ ಗಡ್ಡ ಕೆರೆದುಕೊಳ್ಳುತ್ತಿದ್ದೆ. ಅರ್ಧ ಮುಖ ಆಗಿತ್ತು. ಇಂಚರ ಬಂದು ಪಕ್ಕದಲ್ಲಿ ನಿಂತಳು. ಎಡಗಣ್ಣು ಕೆಂಡದ ಹಾಗೆ ಕೆಂಪು, ರೆಪ್ಪೆ ಊದಿಕೊಂಡು ಅಂಟಿಕೊಂಡಿದೆ.

"ಅಪ್ಪ, ಕುತ್ತಿಬಿಡ್ತು" ಎಂದಳು. ಅಳಲಿಲ್ಲ, ದೂರಲಿಲ್ಲ. ಬಸ್ಸು ಬಂತು ಎನ್ನುವ ಹಾಗೆ ಹೇಳಿದಳು.

ಆ ವಾರ ತುಮಕೂರಿಗೇ ಮದ್ರಾಸ್ ಐ ಬಂದಿತ್ತು. ಅವಳ ಕ್ಲಾಸಿನಲ್ಲಿ ಅರ್ಧ ಮಕ್ಕಳು ಮನೆಯಲ್ಲಿದ್ದರು. ನಾನು ಉಳಿದರ್ಧ ಗಡ್ಡವನ್ನು ಹಾಗೇ ಬಿಟ್ಟು, ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ವೈರಸ್ ಎಂದರೇನು ಎಂದು ಪಾಠ ಶುರು ಮಾಡಿದೆ. ವೈರಸ್ ಕಣ್ಣಿಗೆ ಕಾಣುವುದಿಲ್ಲ ಎಂದೆ. "ದೇವ್ರೂ ಕಾಣಲ್ಲ" ಎಂದಳು. ಅದು ಎಲ್ಲಾ ಕಡೆ ಇರುತ್ತೆ ಎಂದೆ. "ದೇವ್ರೂ ಎಲ್ಲಾ ಕಡೆ ಇರುತ್ತೆ ಅಂತ ನೀನೇ ಹೇಳಿದ್ದೆ" ಎಂದಳು. ಅದು ಒಬ್ಬರಿಂದ ಒಬ್ಬರಿಗೆ ಬರುತ್ತೆ ಎಂದೆ. "ಯಾರು ಕಳಿಸ್ತಾರೆ?" ಎಂದಳು. ಹತ್ತನೇ ಕ್ಲಾಸಿನವರು ಇಂಥ ಪ್ರಶ್ನೆ ಯಾವತ್ತೂ ಕೇಳಿಲ್ಲವಾದ್ದರಿಂದ ನಾನು ಎದ್ದು ಉಳಿದರ್ಧ ಗಡ್ಡ ಕೆರೆಯಲು ಹೋದೆ. ಬಟವಾಡಿಯ ಕ್ಲಿನಿಕ್ಕಿಗೆ ಕರೆದುಕೊಂಡು ಹೋದರೆ ಬೆಂಚಿನ ತುಂಬ ಕಪ್ಪು ಕನ್ನಡಕದ ಮಕ್ಕಳು, ದೊಡ್ಡವರು. ಇಂಚರ ಎಲ್ಲರನ್ನೂ ಒಂದು ಕಡೆಯಿಂದ ನೋಡಿ ನನ್ನ ಕಿವಿಯಲ್ಲಿ ಕೇಳಿದಳು: "ಇವ್ರೆಲ್ಲಾನೂ ತಂಬಿಟ್ಟು ತಿಂದಿದ್ರಾ?"

ಡಾಕ್ಟರು ನಗುನಗುತ್ತ ಕಣ್ಣಿಗೆ ಬಿಡುವ ಡ್ರಾಪ್ಸ್ ಬರೆದುಕೊಟ್ಟರು. ಮನೆಗೆ ಬಂದು ಬಾಟಲಿ ತೆಗೆದರೆ ಇಂಚರ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು. ದೇವರು ಕೊಟ್ಟ ಶಿಕ್ಷೆಗೆ ಔಷಧಿ ಹಾಕಿದರೆ ದೇವರಿಗೆ ಇನ್ನೂ ಕೋಪ ಬರುತ್ತದಂತೆ. ಆಗ ನನಗೆ ಹೊಳೆಯಿತು: ಇಷ್ಟು ದಿನ ನಾನು ಇವಳಿಗೆ ದೇವರ ಕೋಪವೊಂದನ್ನೇ ಕಲಿಸಿದ್ದೇನೆ, ಕ್ಷಮೆಯ ಪಾಠ ಬಾಕಿ ಇದೆ. ಸಿಲಬಸ್ ಮುಗಿಸದೆ ಪರೀಕ್ಷೆ ಇಟ್ಟ ಹಾಗಾಗಿದೆ. ಗೂಡಿನ ಮುಂದೆ ನಿಲ್ಲಿಸಿ, ದೇವರಿಗೆ ಎಷ್ಟು ಬೇಗ ಕೋಪ ಬರುತ್ತದೋ ಅಷ್ಟೇ ಬೇಗ ಇಳಿಯುತ್ತದೆ, ಕೆನ್ನೆ ಕೆನ್ನೆ ಬಡಿದುಕೊಂಡು ತಪ್ಪಾಯ್ತು ಅಂದರೆ ಸಾಕು, ತಕ್ಷಣ ಮನ್ನಿಸಿಬಿಡುತ್ತಾನೆ ಎಂದೆಲ್ಲ ಹೇಳಿದೆ. ಅವಳು ಶ್ರದ್ಧೆಯಿಂದ ಕೆನ್ನೆ ಬಡಿದುಕೊಂಡಳು. ಬಸ್ಕಿ ಹೊಡೆದಳು. ನನಗೆ ಬಸ್ಕಿ ಬೇಕಿರಲಿಲ್ಲ, ಅದು ಅವಳೇ ಸೇರಿಸಿಕೊಂಡದ್ದು. "ಈಗ ದೇವ್ರು ಕ್ಷಮಿಸ್ತಾ?" ಎಂದಳು. "ಕ್ಷಮಿಸ್ತು, ಪಕ್ಕಾ" ಎಂದೆ.

ಮಾರನೆಯ ಬೆಳಿಗ್ಗೆ ಬಲಗಣ್ಣೂ ಕೆಂಪಾಗಿತ್ತು.

ಈ ಕಾಯಿಲೆಯ ಸ್ವಭಾವವೇ ಅದು, ಒಂದು ಕಣ್ಣಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಆದರೆ ಅದನ್ನು ಕೇಳುವವರು ಯಾರು? ಇಂಚರಳ ಲೆಕ್ಕದಲ್ಲಿ ಕ್ಷಮಿಸು ಎಂದು ಕೇಳಿದ್ದಕ್ಕೆ ದೇವರು ಇನ್ನೊಂದನ್ನೂ ಕುತ್ತಿತ್ತು. ಅಲ್ಲಿಗೆ ಅವಳು ಮಾತು ಪೂರ್ತಿ ನಿಲ್ಲಿಸಿದಳು. ಬಾಟಲಿ ಕಂಡರೆ ಮುಖವನ್ನು ದಿಂಬಿನಲ್ಲಿ ಹುದುಗಿಸುತ್ತಿದ್ದಳು. ಸುಧಾ ತಲೆ ಹಿಡಿದು ನಾನು ರೆಪ್ಪೆ ಬಿಡಿಸಲು ಹೋದರೆ ಹನಿ ಮೂಗಿಗೆ ಬೀಳುತ್ತಿತ್ತು, ಕಿವಿಗೆ ಬೀಳುತ್ತಿತ್ತು, ಒಮ್ಮೆ ನನ್ನ ಬಾಯಿಗೇ ಬಿತ್ತು, ಕಹಿ. ಚಾಕೊಲೇಟಿನ ಆಸೆ ತೋರಿಸಿದ್ದಾಯಿತು, ಕಾರ್ಟೂನ್ ಹಾಕಿದ್ದಾಯಿತು. ನೋಡಲು ಕಣ್ಣೇ ಬಿಡದ ಮಗುವಿಗೆ ಯಾವ ಕಾರ್ಟೂನು? ಮತ್ತೆ ಡಾಕ್ಟರ ಹತ್ತಿರ ಹೋದೆವು. ಅವರು ಟಾರ್ಚ್ ಬಿಟ್ಟು ನೋಡಿ, ಈ ಸಲ ನಗಲಿಲ್ಲ. "ಡ್ರಾಪ್ಸ್ ಒಳಗೆ ಹೋಗ್ತಾನೇ ಇಲ್ಲ ಸಾರ್. ಮಗು ಉಜ್ಜಿ ಉಜ್ಜಿ ಇನ್ಫೆಕ್ಷನ್ ಜಾಸ್ತಿ ಮಾಡ್ಕೊಂಡಿದೆ. ಕರಿಗುಡ್ಡೆಗೇನಾದ್ರೂ ಹತ್ತಿದ್ರೆ ಆಮೇಲೆ ದೃಷ್ಟಿಗೇ ತೊಂದ್ರೆ. ಹೇಗಾದ್ರೂ ಮಾಡಿ ಹಾಕಿ" ಎಂದರು. ಬೋರ್ಡಿನ ಮೇಲೆ ಸುಣ್ಣದಕಡ್ಡಿಯಲ್ಲಿ ನಾನು ಎಷ್ಟೋ ಸಲ ದುಂಡಗೆ ತಿರುಗಿಸಿದ ಕರಿಗುಡ್ಡೆ ಅದು. ಆಟೋದಲ್ಲಿ ವಾಪಸ್ಸು ಬರುವಾಗ ಕಣ್ಣು ಉಜ್ಜದಂತೆ ಅವಳ ಎರಡೂ ಕೈ ಹಿಡಿದುಕೊಂಡೇ ಕೂತಿದ್ದೆ. ಹೆದರಿಕೆ ಎಂದರೆ ಏನೆಂದು ಮಗಳಿಗೆ ಕಲಿಸಲು ಹೋಗಿ ನಾನು ಕಲಿತೆ.

ಕೆಳಗಿನ ಮನೆಯವರು ಮುಮ್ತಾಜ್ ಆಂಟಿ. ಅವರ ಯಜಮಾನರದ್ದು ಬಳೆ ಅಂಗಡಿ. ಅವರ ಮೊಮ್ಮಗಳಿಗೂ ಕಣ್ಣು ಬಂದು ಆಗಲೇ ವಾಸಿಯಾಗಿತ್ತು. ನಾವು ಮೆಟ್ಟಿಲು ಹತ್ತುವಾಗ ಬಾಗಿಲಲ್ಲಿ ನಿಂತು ವಿಚಾರಿಸಿದರು. ಅಷ್ಟು ಹೊತ್ತು ಸುಮ್ಮನಿದ್ದ ಇಂಚರ ನನ್ನ ಹೆಗಲ ಮೇಲಿಂದಲೇ ಕೇಳಿದಳು: "ಆಂಟಿ, ನಿಮ್ಮ ದೇವ್ರೂ ಕಣ್ ಕುತ್ತುತ್ತಾ?"

"ಇಲ್ಲಮ್ಮಾ, ಯಾಕ್ ಕುತ್ತುತ್ತೆ?" ಎಂದರು ಆಂಟಿ.

"ತಪ್ಪು ಮಾಡಿದ್ರೆ?"

"ದೇವ್ರಿಗೆ ಮಾಡಿದ ತಪ್ಪಾದ್ರೆ ಕೇಳಿದ ತಕ್ಷಣ ದೇವ್ರು ಮಾಫ್ ಮಾಡ್ತಾನೆ. ಮನುಷ್ಯರಿಗೆ ಮಾಡಿದ್ರೆ ಮಾತ್ರ ಆ ಮನುಷ್ಯರ ಹತ್ರಾನೇ ಹೋಗಿ ಕೇಳ್ಬೇಕು. ಅದನ್ನ ದೇವ್ರು ತಾನೇ ಮಾಫ್ ಮಾಡಲ್ಲ. ನಮ್ಮ ಅಮ್ಮಿ ಹಂಗೇ ಹೇಳ್ಕೊಟ್ಟಿರೋದು" ಎಂದರು. ಒಳ್ಳೆಯ ಮಾತು ಎಂದುಕೊಂಡು ನಾನು ಮೆಟ್ಟಿಲು ಹತ್ತಿದೆ. ಹೆಗಲ ಮೇಲಿದ್ದವಳು ಅದನ್ನು ಎಲ್ಲಿ ಇಟ್ಟುಕೊಂಡಳು ಎಂದು ನನಗೆ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಸುಧಾ ಅವ್ವನಿಗೆ ಫೋನು ಮಾಡಿಬಿಟ್ಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಅವ್ವ ಕುಣಿಗಲ್ ಬಸ್ಸಿಳಿದು, ಮಡಿಲಲ್ಲಿ ಕಣಗಿಲೆ ಹೂವು ಕಟ್ಟಿಕೊಂಡು ಬಂದೇ ಬಂದಳು. ಬಂದವಳು ನೀರೂ ಕುಡಿಯದೆ ಮೊಮ್ಮಗಳ ಕಣ್ಣು ನೋಡಿ, ನನ್ನ ಕಡೆ ತಿರುಗಿದಳು. "ಏನ್ಲಾ, ಇಷ್ಟೊಂದ್ ಓದ್ಕಂಡು ಕೂಸಿಗೆ ಹಿಂಗಾ ಹೆದ್ರುಸೋದು?"

"ನೀನೇ ತಾನೇ ಅವ್ವ ನಮಗೆ ಹೇಳ್ತಿದ್ದದ್ದು?"

"ನಾನು ಹೇಳ್ತಿದ್ದೆ ಕಣಪ್ಪಾ. ಹೇಳಿದ್ ಮ್ಯಾಕೆ ಸೆರಗಿಂದ ನಿನ್ ಮಕ ಒರುಸ್ತಿದ್ದೆ. ನೀನು ಒರುಸ್ದಾ?" ಎಂದಳು. ನಾನು ಒರೆಸಿರಲಿಲ್ಲ. ಒರೆಸುವ ಭಾಗ ನನಗೆ ನೆನಪೇ ಇರಲಿಲ್ಲ.

ಅವ್ವ ಬಂದದ್ದು ಹೂ ಕೇಳುವುದಕ್ಕೆ. ನಮ್ಮ ಕಡೆ ಇದು ದೊಡ್ಡ ವಿಚಾರ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಬಂದಿರುವ ಗಂಡನ್ನು ಒಪ್ಪಬೇಕೋ ಬಿಡಬೇಕೋ, ಎಲ್ಲಕ್ಕೂ ದೇವರ ಮೇಲೆ ಒದ್ದೆ ಹೂವಿಟ್ಟು ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಊಹೂಂ. ಸ್ವಾಮಿ ಬಲಗಡೆ ಹೂ ಕೊಟ್ಟರೆ ಕೋಪ ಇಳಿದಿದೆ ಎಂದು ಮಗುವಿಗೇ ಕಾಣುತ್ತದೆ, ಆಮೇಲೆ ಔಷಧಿ ಹಾಕಿಸಿಕೊಳ್ಳುತ್ತದೆ ಎನ್ನುವುದು ಅವ್ವನ ಉಪಾಯ. ಎಡಕ್ಕೆ ಬಿದ್ದರೆ ಏನು ಗತಿ ಎಂದು ನಾನು ಪಿಸುಗುಟ್ಟಿದೆ. ಅವ್ವ ಹೂವನ್ನು ನೀರಿನಲ್ಲಿ ಅದ್ದುತ್ತ, "ಬೀಳ್ದಂಗೆ ಇಡೋದ್ ನಂಗೊತ್ತು, ಸುಮ್ಕಿರು" ಎಂದಳು. ಸುಧಾ ಎದ್ದು ಹೋಗಿ ಫ್ಯಾನ್ ಆರಿಸಿ ಬಂದಳು. ಅವಳು ಅಕೌಂಟ್ಸ್ ನೋಡುವವಳು. ಏನೇ ಆದರೂ ನ್ಯಾಯವಾಗಿ ಆಗಬೇಕು.

ಅವ್ವ ಹೂವನ್ನು ಫೋಟೋದ ಮೇಲಿಡಲು ಕೈ ಎತ್ತಿದಳು. ಆಗ ಚಾಪೆಯ ಮೇಲೆ ಕಣ್ಣು ಮುಚ್ಚಿ ಕೂತಿದ್ದ ಇಂಚರ, "ಅಜ್ಜೀ, ದೇವ್ರನ್ನ ಕೇಳ್ಬೇಡ" ಎಂದಳು. ಎಷ್ಟೋ ಹೊತ್ತಿನ ಮೇಲೆ ಕೇಳಿದ ದನಿ. ನಾವು ಮೂವರೂ ತಿರುಗಿದೆವು.

"ಯಾಕವ್ವಾ?" ಎಂದಳು ಅವ್ವ.

"ದೇವ್ರಿಗೆ ಗೊತ್ತೇ ಇರ್ಲಿಲ್ಲ. ನಾನು ಚೆನ್ನಾಗಿರೋ ಕಡೇನೇ ತೋರ್ಸಿ ಇಟ್ಟಿದ್ದೆ. ಅಪ್ಪನೇ ತಟ್ಟೆ ತಿರುಗ್ಸಿ ಹೇಳ್ಕೊಟ್ಟಿದ್ದು. ನಮ್ಮ ಕ್ಲಾಸಲ್ಲಿ ಹಂಗೆ ಹೇಳ್ಕೊಡೋರ ಜೊತೆ ಯಾರೂ ಸೇರಲ್ಲ." ಎಲ್ಲವನ್ನೂ ಮೊದಲೇ ಜೋಡಿಸಿಟ್ಟುಕೊಂಡವಳ ಹಾಗೆ ಮುಂದುವರಿಸಿದಳು. "ದೇವ್ರ ಹತ್ರ ನಾನು ಕೇಳಾಯ್ತು. ಬಸ್ಕೀನೂ ಹೊಡ್ದೆ. ಅಪ್ಪ ನನ್ನ ಹತ್ರ ಕೇಳೇ ಇಲ್ಲ. ಅದಕ್ಕೇ ಇನ್ನೊಂದ್ ಕಣ್ಣೂ ಹೋಯ್ತು."

ನಾನು ಸುಧಾಳ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. ಅವ್ವನ ಮುಖ ನೋಡಿದೆ. ಅವ್ವ ಫೋಟೋಗೆ ಎತ್ತಿದ್ದ ಕೈಯನ್ನು ನಿಧಾನಕ್ಕೆ ಇಳಿಸಿ, ಎರಡು ಹೆಜ್ಜೆ ಬಂದು, ಆ ಒದ್ದೆ ಹೂವನ್ನು ಮೊಮ್ಮಗಳ ನೆತ್ತಿಯ ಮೇಲಿಟ್ಟಳು. "ಕೂಸು ಸರ್ಯಾಗೇ ಐತೆ. ಕೇಳ್ಲಾ" ಎಂದಳು.

ಸಾರಿ ಎನ್ನುವುದು ಸುಲಭ. ಬಸ್ಸಿನಲ್ಲಿ ಕಾಲು ತುಳಿದರೆ ಸಾರಿ, ರಾಂಗ್ ನಂಬರಿಗೆ ಸಾರಿ, ನಾಲಗೆಯ ತುದಿಯಲ್ಲೇ ಇರುತ್ತದೆ. ತಪ್ಪಾಯ್ತು ಎನ್ನುವುದು ಬೇರೆ. ಅದು ಎಲ್ಲೋ ಹೊಟ್ಟೆಯಿಂದ ಎದ್ದು ಬರಬೇಕು, ಬರುವಾಗ ಗಂಟಲನ್ನೆಲ್ಲ ತರಚಿಕೊಂಡು ಬರುತ್ತದೆ. ನಾನು ಚಾಪೆಯ ಮುಂದೆ ಮಂಡಿಯೂರಿದೆ. ಎದುರಿಗೆ ನನ್ನ ಮಗಳು, ಊದಿದ ಎರಡು ಕಣ್ಣು, ನೆತ್ತಿಯ ಮೇಲೆ ಕಣಗಿಲೆ. ಹೂ ಬೀಳಬಾರದೆಂದು ಉಸಿರು ಕೂಡ ಮೆಲ್ಲಗೆ ಬಿಡುತ್ತಿದ್ದಾಳೆ. ಆ ಗಳಿಗೆ ನನಗೆ ಬೇರೆ ಯಾವ ದೇವರೂ ಬೇಕಿರಲಿಲ್ಲ. "ತಪ್ಪಾಯ್ತು ಕಣಮ್ಮಾ. ನಾನು ಹೇಳ್ಕೊಡಬಾರದಾಗಿತ್ತು. ನಿನ್ನನ್ನ ಹೆದರಿಸಬಾರದಾಗಿತ್ತು" ಎಂದೆ. ಮೂಗು ಕಟ್ಟಿಕೊಂಡಿತು. ಹೂವು ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. "ಕೊಡವ್ವಾ, ಕೊಟ್ಬುಡು" ಎಂದು ಅವ್ವ ಗೊಣಗುತ್ತಿದ್ದಳು. ಇಂಚರ ಏನೋ ಯೋಚನೆ ಮಾಡಿದಳು. ಆಮೇಲೆ ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿ, ಆ ಕೆಂಪು ಕಣ್ಣುಗಳನ್ನು ತನ್ನ ಬೆರಳಿಂದಲೇ ಬಿಡಿಸಿಕೊಂಡು, "ಹಾಕಪ್ಪ" ಎಂದಳು.

ಹೂವು ಬೆನ್ನ ಹಿಂದೆ ಬಿತ್ತು. ನಾನು ಹನಿ ಹಾಕುವಾಗ ಒಂದೂ ಆಚೆ ಬೀಳಲಿಲ್ಲ. ಅವ್ವ ಹೂವನ್ನು ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿ, "ಹಿಂದುಕ್ ಬಿದ್ರೆ ಏನು ಅಂತ ನಂಗೂ ತಿಳೀದು. ನಮ್ಮೂರಲ್ಲಿ ಯಾವತ್ತೂ ಬಿದ್ದಿಲ್ಲ. ಬುಡು" ಎಂದು ಮೊಮ್ಮಗಳ ಜಡೆಗೆ ಸಿಕ್ಕಿಸಿದಳು. ಸುಧಾ ಹೋಗಿ ಫ್ಯಾನ್ ಹಾಕಿದಳು.

ಕೆಲವೇ ದಿನಗಳಲ್ಲಿ ಇಂಚರಳ ಕಣ್ಣು ತಿಳಿಯಾಯಿತು, ಸ್ಕೂಲಿಗೆ ಹೋದಳು. ಅವಳು ಹೋದ ದಿನವೇ ನನ್ನ ಎಡಗಣ್ಣು ಚುಚ್ಚತೊಡಗಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಕೆಂಪು. ನಾನು ಅರ್ಧ ದಿನ ರಜೆ ಹಾಕಿ ಬಂದು, ನಡುಮನೆಯಲ್ಲಿ ಅಂಗಾತ ಮಲಗಿದ್ದೆ. ಸ್ಕೂಲಿಂದ ಬಂದ ಇಂಚರ ಬ್ಯಾಗು ಇಳಿಸಿ, ನನ್ನ ಪಕ್ಕ ಕೂತು, ಬಗ್ಗಿ ಕಣ್ಣು ಪರೀಕ್ಷೆ ಮಾಡಿದಳು. "ಏನ್ ಮಾಡ್ದೆ ಅಪ್ಪ?" ಎಂದಳು ಮೆಲ್ಲಗೆ.

"ಏನೂ ಮಾಡಿಲ್ಲ ಕಣೇ. ಇದು ವೈರಸ್. ನಿನಗಿದ್ದದ್ದು ನನಗೆ ಬಂದಿದೆ. ಇಬ್ಬರೂ ಒಂದೇ ದಿಂಬಿನ ಮೇಲೆ ಮಲಗಿದ್ವಲ್ಲ, ಅದರಿಂದ..." ಎಂದು ವಿವರವಾಗಿ ಹೇಳಿದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು. ಹೋಂವರ್ಕ್ ಮನೆಯಲ್ಲೇ ಮರೆತು ಬಂದೆ ಎನ್ನುವ ಹುಡುಗರ ಮಾತನ್ನು ನಾನು ಕೇಳಿಸಿಕೊಳ್ಳುವುದು ಹೀಗೆಯೇ. ಆಮೇಲೆ ಎದ್ದು ಹೋಗಿ ದೇವರ ಗೂಡಿನ ಪರದೆಯನ್ನು ಈ ತುದಿಯಿಂದ ಆ ತುದಿಗೆ ಎಳೆದಳು. ವಾಪಸ್ಸು ಬಂದು ನನ್ನ ಕಿವಿಗೆ ಬಾಯಿ ಇಟ್ಟು ಹೇಳಿದಳು:

"ಪರವಾಗಿಲ್ಲ, ಹೇಳಪ್ಪ. ನಾನು ದೇವ್ರಿಗೆ ಹೇಳಲ್ಲ."

ನಾನು ಕಣ್ಣು ಮುಚ್ಚಿಕೊಂಡು, ಯಾವುದರಿಂದ ಶುರು ಮಾಡಲಿ ಎಂದು ಯೋಚಿಸತೊಡಗಿದೆ.